ಉಡಿದಾರ ಬಿಗಿಯಾದಾಗ

ಶಾಲೆ ಶುರುವಾಗುವ ದಿನ ಹತ್ತಿರ ಬಂತೆಂದರೆ ಶಿವಾಜಿನಗರದ ದರ್ಜಿಗಳಿಗೆ ಊಟಕ್ಕೂ ಪುರಸೊತ್ತಿರುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಗಳಲ್ಲಿ ನೀಲಿ, ಬೂದು, ಖಾಕಿ ಬಟ್ಟೆಯ ರಾಶಿ ಅಂಗಡಿಯ ಬಾಗಿಲವರೆಗೂ ಬಂದಿರುತ್ತದೆ. ಅಂಥದೊಂದು ಅಂಗಡಿಯಲ್ಲಿ ನನ್ನ ಎರಡು ಪ್ಯಾಂಟುಗಳ ಸೊಂಟ ಬಿಡಿಸಿಕೊಳ್ಳಲು ಕುಳಿತಿದ್ದೆ. ಎಂಟನೇ ಕ್ಲಾಸಿನ ಹುಡುಗನೊಬ್ಬನ ಅಳತೆ ತೆಗೆದು ಮುಗಿಸಿದ ದರ್ಜಿ ಸಾಹೇಬರು, ಹುಡುಗನೂ ಅವನ ತಾಯಿಯೂ ಮೆಟ್ಟಿಲಿಳಿದು ಹೋಗುವವರೆಗೆ ಸುಮ್ಮನಿದ್ದು, ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನೀವು ಸೈನ್ಸ್ ಪಾಠ ಮಾಡೋರು. ಇದಕ್ಕೊಂದು ಜವಾಬು ಹೇಳಿ. ಮೂವತ್ತು ವರ್ಷದಿಂದ ಸ್ಕೂಲ್ ಪ್ಯಾಂಟ್ ಹೊಲೀತಾ ಇದೀನಿ. ಮೊದಲು ಸೊಂಟದ ಅಳತೆ ಗೊತ್ತಾದ್ರೆ ತೊಡೆ ಅಳತೆ ನಾನೇ ಹೇಳ್ತಿದ್ದೆ. ಈಗ ಹಂಗಿಲ್ಲ. ಸೊಂಟಕ್ಕೆ ಸರಿಯಾಗಿ ಕತ್ತರಿಸಿದ್ರೆ ತೊಡೆ ದೊಗಳೆ. ತೊಡೆಗೆ ಸರಿಯಾಗಿ ಕತ್ತರಿಸಿದ್ರೆ ಸೊಂಟದ ಹುಕ್ಕು ಬೀಳಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಏನಿದು?"

ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಕೇಳುತ್ತಿರುವ ಪ್ರಶ್ನೆಯನ್ನೇ ಸಾಹೇಬರು ಒಂದು ಟೇಪು ಹಿಡಿದು ಕೇಳಿಬಿಟ್ಟಿದ್ದರು. ಅಂಗಡಿಯಲ್ಲಿ ಕುಳಿತು ಹೇಳಿ ಮುಗಿಸುವ ಉತ್ತರ ಅದಲ್ಲ. ಆದ್ದರಿಂದ ಈ ವಾರ ಇಲ್ಲಿ ಹೇಳುತ್ತಿದ್ದೇನೆ.

ಎದೆಯ ಅಳತೆ, ಸೊಂಟದ ಅಳತೆ

ನಮ್ಮ ದಂಡು ಪ್ರದೇಶಕ್ಕೆ ಮೈಯಳತೆ ಹೊಸದೇನಲ್ಲ. ಹಲಸೂರು ಕೆರೆಯ ಪಕ್ಕದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ನಮ್ಮ ಜನರ ಬಾಯಲ್ಲಿ 'ಸ್ಯಾಪರ್ಸ್' ಇದೆ. ಸೈನ್ಯಕ್ಕೆ ಸೇರಬಯಸುವ ಹುಡುಗನ ಎತ್ತರ, ತೂಕಗಳ ಜೊತೆಗೆ ಎದೆಯ ಸುತ್ತಳತೆಯನ್ನೂ ತೆಗೆಯುತ್ತಾರೆ. ಉಸಿರು ಎಳೆದುಕೊಂಡಾಗ ಎದೆ 5 ಸೆಂಟಿಮೀಟರ್ ಹಿಗ್ಗಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಗಂಡಸಿನ ಅಳತೆ ಎಂದರೆ ಎದೆಯ ಅಳತೆ ಎಂಬ ಭಾವನೆ ನಮ್ಮಲ್ಲಿ ಬೇರೂರಲು ಇದೂ ಒಂದು ಕಾರಣವಿರಬಹುದು.

ವಿಜ್ಞಾನವೂ ಸೈನಿಕರ ಎದೆಯಿಂದಲೇ ಒಂದು ಪಾಠ ಕಲಿಯಿತು. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟೆಲೆ ಎಂಬ ಗಣಿತಜ್ಞ 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಐದು ಸಾವಿರಕ್ಕೂ ಹೆಚ್ಚು ಸೈನಿಕರ ಎದೆಯಳತೆಗಳನ್ನು ಕೂಡಿ ಕಳೆದು 'ಸರಾಸರಿ ಮನುಷ್ಯ'ನನ್ನು ಹುಡುಕಿದ. ಅದೇ ಕೆಟೆಲೆ 1830ರ ದಶಕದಲ್ಲಿ ಇನ್ನೊಂದು ಲೆಕ್ಕ ಕೊಟ್ಟ. ಕಿಲೋಗ್ರಾಂಗಳಲ್ಲಿ ತೂಕ ತೆಗೆದುಕೊಳ್ಳಿ, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಇದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟರು. ನಾವು ದೇಹತೂಕ ಸೂಚ್ಯಂಕ ಎನ್ನೋಣ. ಇಂದು ಡಾಕ್ಟರ ಬಳಿ ಹೋದರೂ, ಶಾಲೆಯ ಆರೋಗ್ಯ ತಪಾಸಣೆಯಲ್ಲೂ ಇದೇ ಅಂಕಿ.

ಈ ಲೆಕ್ಕ ಒಳ್ಳೆಯದೇ. ಆದರೆ ಅದಕ್ಕೊಂದು ಕುರುಡಿದೆ. ಒಂದೇ ತರಗತಿಯ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ 160 ಸೆಂ.ಮೀ. ಎತ್ತರ, ಇಬ್ಬರೂ 52 ಕಿಲೋ. ಲೆಕ್ಕ ಹಾಕಿದರೆ ಇಬ್ಬರ ಸೂಚ್ಯಂಕವೂ 20.3. ಗಾಬರಿಪಡುವ ಅಂಕಿಯಲ್ಲ. ಆದರೆ ಒಬ್ಬ ದಿನಾ ಸಂಜೆ ಫುಟ್ಬಾಲ್ ಆಡುವವನು, ಅವನ ಸೊಂಟ 70 ಸೆಂ.ಮೀ. ಇನ್ನೊಬ್ಬ ಶಾಲೆಯಿಂದ ಟ್ಯೂಷನ್ನಿಗೆ, ಟ್ಯೂಷನ್ನಿನಿಂದ ಮೊಬೈಲಿಗೆ ಹೋಗುವವನು, ಅವನ ಸೊಂಟ 83 ಸೆಂ.ಮೀ. ತಕ್ಕಡಿಗೆ ಇಬ್ಬರೂ ಒಂದೇ. ಮೊದಲಿನವನ ತೂಕ ಮಾಂಸಖಂಡದ್ದು, ಎರಡನೆಯವನದು ಹೊಟ್ಟೆಯ ಕೊಬ್ಬಿನದು ಎಂದು ಅದು ಹೇಳುವುದಿಲ್ಲ. ದರ್ಜಿಯ ಟೇಪು ಹೇಳುತ್ತದೆ.

ಹೇಳಿದರೆ ಏನಾಯಿತು? ಸೊಂಟ ದಪ್ಪವಾದರೆ ದೊಡ್ಡ ಪ್ಯಾಂಟು ಹೊಲಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಮುಖ್ಯ ವಿಷಯ ಇರುವುದೇ ಅಲ್ಲಿ.

ಬೂದಿ ಮುಚ್ಚಿದ ಕೆಂಡ

ಕಾಲಿಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟ ನಾಲ್ಕು ಲಕ್ಷಣಗಳು ಇವೇ. ಕನ್ನಡದಲ್ಲಿ ಇದಕ್ಕೆ ಉರಿಯೂತ ಎಂಬ ಒಳ್ಳೆಯ ಪದವಿದೆ. ಉರಿ ಮತ್ತು ಊತ, ನಾಲ್ಕರಲ್ಲಿ ಎರಡು ಲಕ್ಷಣ ಹೆಸರಲ್ಲೇ ಬಂದುಬಿಟ್ಟಿವೆ. ಇದು ಕಾಯಿಲೆಯಲ್ಲ, ದೇಹದ ಕಾವಲು. ರಕ್ತದ ಬಿಳಿಯ ಕಣಗಳು ಓಡಿ ಬಂದು, ಒಳನುಗ್ಗಿದ ಬ್ಯಾಕ್ಟೀರಿಯಾಗಳನ್ನು ನುಂಗಿ, ಕೆಲಸ ಮುಗಿದ ಮೇಲೆ ಹಿಂದಿರುಗುತ್ತವೆ. ನಾಲ್ಕು ದಿನದಲ್ಲಿ ಎಲ್ಲ ಶಾಂತ.

ಆದರೆ ಇನ್ನೊಂದು ಬಗೆಯ ಉರಿಯೂತವಿದೆ. ಅದರಲ್ಲಿ ಉರಿಯೂ ಇಲ್ಲ, ಊತವೂ ಇಲ್ಲ, ನೋವಂತೂ ಇಲ್ಲವೇ ಇಲ್ಲ. ವರ್ಷಗಟ್ಟಲೆ ಮಂದವಾಗಿ ನಡೆಯುತ್ತಿರುತ್ತದೆ. ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತು ಇದಕ್ಕೆಂದೇ ಹುಟ್ಟಿದಂತಿದೆ. ಈ ಕೆಂಡದ ಒಲೆ ಎಲ್ಲಿದೆ ಎಂದು ಹುಡುಕುತ್ತಾ ಹೋದ ವಿಜ್ಞಾನಿಗಳು ಬಂದು ನಿಂತದ್ದು ಹೊಟ್ಟೆಯ ಕೊಬ್ಬಿನ ಬಳಿ.

ನಾನು ಬಿ.ಎಸ್ಸಿ. ಓದುವಾಗ ಕೊಬ್ಬು ಎಂದರೆ ಉಗ್ರಾಣ. ಹೆಚ್ಚಾದ ಆಹಾರವನ್ನು ತುಂಬಿಡುವ ಗೋಣಿಚೀಲ, ಅಷ್ಟೇ. ಪರೀಕ್ಷೆಯಲ್ಲಿ ಹಾಗೆ ಬರೆದು ಅಂಕ ತೆಗೆದುಕೊಂಡಿದ್ದೇನೆ. 1993ರಲ್ಲಿ ಅಮೆರಿಕದ ಸಂಶೋಧಕರು ದಪ್ಪ ಇಲಿಗಳ ಕೊಬ್ಬು ಉರಿಯೂತ ಹುಟ್ಟಿಸುವ ಒಂದು ರಾಸಾಯನಿಕವನ್ನು ಸುರಿಸುತ್ತಿದೆ ಎಂದು ಕಂಡುಕೊಂಡರು. ಮರುವರ್ಷ, 1994ರಲ್ಲಿ, ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ ಎಂಬುದು ಗೊತ್ತಾಯಿತು. ಗೋಣಿಚೀಲ ಎಂದುಕೊಂಡದ್ದು ಮಾತಾಡುವ ಅಂಗವಾಗಿ ಹೊರಬಿತ್ತು. 2003ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಬೊಜ್ಜು ಬೆಳೆದಾಗ ರಕ್ತದ ಭಕ್ಷಕ ಕಣಗಳು ಗುಂಪುಗುಂಪಾಗಿ ಕೊಬ್ಬಿನೊಳಗೆ ಬಂದು ಬೀಡುಬಿಡುತ್ತವೆ.

ಏಕೆ ಬರುತ್ತವೆ? ಕೊಬ್ಬಿನ ಕೋಶ ಒಂದು ಮಿತಿಗಿಂತ ಹೆಚ್ಚು ಉಬ್ಬಿದರೆ ಅದಕ್ಕೆ ಆಮ್ಲಜನಕ ಸಾಲದೆ ಬರುತ್ತದೆ. ಕೆಲವು ಕೋಶಗಳು ಸಾಯುತ್ತವೆ. ಸತ್ತದ್ದನ್ನು ತೆಗೆಯಲು ಭಕ್ಷಕ ಕಣಗಳು ಬಂದು ಸುತ್ತುವರಿಯುತ್ತವೆ. ಮುಳ್ಳು ಚುಚ್ಚಿದಾಗ ಬಂದ ಕಾವಲುಗಾರರೇ ಇವರು. ಆದರೆ ಮುಳ್ಳನ್ನು ಕಿತ್ತರೆ ಹೋಗುತ್ತದೆ, ಕೊಬ್ಬು ಅಲ್ಲೇ ಇರುತ್ತದೆ. ಹೀಗಾಗಿ ಕಾವಲುಗಾರರು ಹಿಂದಿರುಗುವುದೇ ಇಲ್ಲ, ಕೂಗಾಟವೂ ನಿಲ್ಲುವುದಿಲ್ಲ.

ತೊಡೆಯ ಕೊಬ್ಬಿಗಿಂತ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು ತಂಟೆಕೋರ. ಕರುಳಿನ ಸುತ್ತ ಕೂರುವ ಈ ಕೊಬ್ಬಿನಿಂದ ಹೊರಟ ರಕ್ತ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಕೂಗಾಟ ಕೇಳಿದ ಪಿತ್ತಜನಕಾಂಗ, ಎಲ್ಲೋ ಸೋಂಕು ಬಂದಿದೆ ಎಂದು ಭಾವಿಸಿ, ಸಿ.ಆರ್.ಪಿ. ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಈ ಹೆಸರು ಕೋವಿಡ್ ಕಾಲದಲ್ಲಿ ನಿಮ್ಮ ಕಿವಿಗೆ ಬಿದ್ದಿರಬಹುದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದದ್ದು ಇದು. ಜೋರಾದ ನ್ಯುಮೋನಿಯಾದಲ್ಲಿ ಲೀಟರ್ ರಕ್ತದ್ರವಕ್ಕೆ 100 ಮಿಲಿಗ್ರಾಂ ದಾಟಬಲ್ಲದು. ಆರೋಗ್ಯವಂತರಲ್ಲಿ 1 ಮಿಲಿಗ್ರಾಮಿಗೂ ಕಡಿಮೆ ಇದ್ದರೆ ಚೆನ್ನ. ಸೋಂಕಿಲ್ಲದೆಯೂ 3 ದಾಟಿ ನಿಂತಿದ್ದರೆ, ಕೆಂಡ ಎಲ್ಲೋ ಇದೆ ಎಂದು ಅರ್ಥ.

ಇದು ಐವತ್ತು ದಾಟಿದ ನನ್ನಂಥವರ ಸಮಸ್ಯೆ ಎಂದೇ ಮೊದಲು ಎಲ್ಲರೂ ತಿಳಿದಿದ್ದರು. 2001ರಲ್ಲಿ ಅಮೆರಿಕದ 8ರಿಂದ 16 ವರ್ಷದ ಮಕ್ಕಳ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ ಬಂತು. ತೂಕ ಹೆಚ್ಚಿದ್ದ ಮಕ್ಕಳಲ್ಲಿ ಸಿ.ಆರ್.ಪಿ. ಏರಿರುವ ಸಂಭವ ಉಳಿದವರಿಗಿಂತ ಮೂರು ಪಟ್ಟಿಗೂ ಮಿಕ್ಕಿತ್ತು. 2003ರಲ್ಲಿ ದೆಹಲಿಯ ಡಾ. ಅನೂಪ್ ಮಿಶ್ರಾ ಮತ್ತು ಸಂಗಡಿಗರು 14ರಿಂದ 25 ವರ್ಷದ, ಆರೋಗ್ಯವಾಗಿಯೇ ಇದ್ದ ನಮ್ಮ ದೇಶದ ಹುಡುಗ ಹುಡುಗಿಯರಲ್ಲಿ ಮೈಯಳತೆ ಮತ್ತು ಸಿ.ಆರ್.ಪಿ.ಯನ್ನು ಜೊತೆಗಿಟ್ಟು ನೋಡಿದರು. ಅಲ್ಲಿಯೂ ಮೈಕೊಬ್ಬಿಗೂ ಸಿ.ಆರ್.ಪಿ.ಗೂ ನಂಟು ಕಂಡಿತು. ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲೇ ಒಲೆ ಹೊತ್ತಿಕೊಂಡಿರುತ್ತದೆ ಎಂದಾಯಿತು.

ಈ ಮಂದ ಉರಿ ಎರಡು ಕಡೆ ಹಾನಿ ಮಾಡುತ್ತದೆ. ಇನ್ಸುಲಿನ್ ಹಾರ್ಮೋನಿನ ಮಾತನ್ನು ದೇಹದ ಕೋಶಗಳು ಕೇಳದಂತೆ ಮಾಡುತ್ತದೆ, ಅದು ಸಕ್ಕರೆ ಕಾಯಿಲೆಯ ದಾರಿ. ರಕ್ತನಾಳಗಳ ಒಳಗೋಡೆಯನ್ನು ಕೆರಳಿಸಿ ಅಲ್ಲಿ ಕೊಬ್ಬು ಅಂಟಿ ಕೂರಲು ನೆರವಾಗುತ್ತದೆ, ಅದು ಹೃದಯಾಘಾತದ ದಾರಿ. ರಕ್ತನಾಳ ಕೆಡಲು ಮುಪ್ಪೇ ಬರಬೇಕಾಗಿಲ್ಲ ಎಂಬುದಕ್ಕೆ ಮತ್ತೆ ಸೈನಿಕರೇ ಸಾಕ್ಷಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22. ಎದೆಯಳತೆ ಕೊಟ್ಟು, ಕವಾಯತು ಮಾಡಿ ಗಟ್ಟಿಯಾದ ಹುಡುಗರು. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತುಗಳಿದ್ದವು. 22ಕ್ಕೆ ಕಾಣುವ ಗುರುತು ಹದಿಹರೆಯದಲ್ಲೇ ಶುರುವಾಗಿರಬೇಕಲ್ಲವೇ?

ತೆಳ್ಳಗಿದ್ದೂ ಕೊಬ್ಬಿದವರು

ಈಗ ಸಾಹೇಬರ 'ಕಡ್ಡಿ ಕಾಲು, ಮುಂದೆ ಹೊಟ್ಟೆ'ಯ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ ಪುಣೆಯಲ್ಲಿದೆ, ಮೈಸೂರಿನಲ್ಲೂ ಇದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಸ್ನೇಹಿತರು. 2004ರಲ್ಲಿ ಇಬ್ಬರೂ ತಮ್ಮ ಫೋಟೋವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ದಶಮಾಂಶದವರೆಗೆ ಒಂದೇ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು, ಯಾಜ್ಞಿಕ್ ಅವರಲ್ಲಿ 21.2 ಪಾಲು! ತಕ್ಕಡಿಯ ಕುರುಡನ್ನು ತೋರಿಸಲು ಇದಕ್ಕಿಂತ ಚೆಂದದ ಚಿತ್ರ ಬೇಕಿಲ್ಲ.

ಈ ವ್ಯತ್ಯಾಸ ಊಟದಿಂದಷ್ಟೇ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು 3.5 ಕಿಲೋ. ನಮ್ಮ ಶಿಶುಗಳಲ್ಲಿ ಎಲ್ಲವೂ ಸಮನಾಗಿ ಕಡಿಮೆಯಿಲ್ಲ. ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಚಿಕ್ಕವು, ಆದರೆ ಬೆನ್ನಿನ ಮೇಲಿನ ಕೊಬ್ಬಿನ ಪದರ ಮಾತ್ರ ಹೆಚ್ಚೇನೂ ತೆಳುವಾಗಿಲ್ಲ. ತಾಯಿಯ ಗರ್ಭದಲ್ಲಿ ಪೋಷಣೆ ಸಾಲದಿದ್ದಾಗ ಕೂಸು ಮಾಂಸವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಉಳಿಸಿಕೊಳ್ಳುತ್ತದೆ. ಬಡವನ ಮನೆಯಲ್ಲಿ ಮೊದಲು ಕಾಳಿನ ಡಬ್ಬ ತುಂಬಿಸಿ, ಆಮೇಲೆ ಗೋಡೆಗೆ ಸುಣ್ಣ ಹೊಡೆಸುವಂತೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಮಾತಿನಲ್ಲಿ ಮಿಷನ್ ಆಸ್ಪತ್ರೆ, ಇಂಥ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರು ಮಾಡಿದೆ. ಅಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. 1997-98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು, ಹುಟ್ಟಿದ ಮಕ್ಕಳನ್ನು ಹದಿಹರೆಯದವರೆಗೂ ಮತ್ತೆ ಮತ್ತೆ ಅಳೆಯುತ್ತಾ ಬಂದರು. ಡಾ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಹೇಳಿದ್ದು ಇದು: ಮೈಸೂರಿನ ಮಕ್ಕಳು ಇಂಗ್ಲೆಂಡಿನ ಮಕ್ಕಳಿಗಿಂತ ಎಲ್ಲ ಅಳತೆಗಳಲ್ಲೂ ಚಿಕ್ಕವರು, ಮುಂಡದ ಕೊಬ್ಬಿನ ಅಳತೆಯೊಂದನ್ನು ಬಿಟ್ಟು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಅದರಲ್ಲಿ ನಮ್ಮವರೇ ಮುಂದು.

ಹೀಗೆ ಹುಟ್ಟಿದ ಮಗು ಹೊಲದಲ್ಲಿ ದುಡಿದು, ಮೈಲಿಗಟ್ಟಲೆ ನಡೆದು, ಮುದ್ದೆ ಉಂಡು ಬೆಳೆದರೆ ತೊಂದರೆ ತೋರುವುದಿಲ್ಲ. ಅದೇ ಮಗು ಕೆ.ಆರ್. ಪುರಂನಿಂದ ಇಂದಿರಾನಗರದ ಶಾಲೆಗೆ ವ್ಯಾನಿನಲ್ಲಿ ಕುಳಿತು, ಟಿನ್ ಫ್ಯಾಕ್ಟರಿಯ ಬಳಿ ಮುಕ್ಕಾಲು ಗಂಟೆ ನಿಂತು, ಸಂಜೆ ಬೇಕರಿಯ ಪಫ್ಸ್ ತಿಂದು, ತಂಪು ಪಾನೀಯ ಕುಡಿದು ಬೆಳೆದರೆ ಆ ಹಳೆಯ ಕೊಬ್ಬು ಹೊಟ್ಟೆಯಲ್ಲಿ ಬಂದು ಕೂರುತ್ತದೆ. ಕೈಕಾಲು ಕಡ್ಡಿಯಾಗಿಯೇ ಇರುತ್ತದೆ. ತಾಯಿ ತೋಳು ಮುಟ್ಟಿ ನೋಡಿ, 'ಮಗು ಸೊರಗಿದೆ' ಎಂದು ಇನ್ನೊಂದು ಪಫ್ಸ್ ಕೊಡಿಸುತ್ತಾಳೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ತೀರ ತೆಳ್ಳಗಿದ್ದರು, ತೂಕ ಹೆಚ್ಚಿದ್ದವರು 5 ಮಂದಿ ಮಾತ್ರ. ಆದರೂ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತವರು 10 ಮಂದಿ! ತೂಕ ಹೆಚ್ಚಿದ್ದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದರೂ ಈ ಹತ್ತು ತುಂಬುವುದಿಲ್ಲ. ಉಳಿದವರು ತಕ್ಕಡಿಗೆ ಕಾಣದೆ ದಾಟಿ ಹೋದವರು.

ದಪ್ಪಗಿದ್ದೂ ರಕ್ತವಿಲ್ಲದವರು

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ಆಗ ನಾನಿದ್ದ ಶಾಲೆಯಲ್ಲಿ, ಸರಾಸರಿ ಕಂಡುಹಿಡಿಯುವ ಪಾಠಕ್ಕೆಂದು ಮಕ್ಕಳನ್ನು ಒಬ್ಬೊಬ್ಬರಾಗಿ ತಕ್ಕಡಿಯ ಮೇಲೆ ನಿಲ್ಲಿಸಿ, ತೂಕವನ್ನು ಗಟ್ಟಿಯಾಗಿ ಓದಿ, ಕರಿಹಲಗೆಯ ಮೇಲೆ ಬರೆಸಿದೆ. ಎಂಟನೇ ತರಗತಿಯ ಹುಡುಗಿಯೊಬ್ಬಳ ತೂಕ ಓದಿದಾಗ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ನಾನು ಗದರಿಸಿ ಸುಮ್ಮನಿರಿಸಿದೆ, ಪಾಠ ಮುಂದುವರಿಸಿದೆ. ಎರಡು ವಾರದ ನಂತರ ಅವಳ ಗೆಳತಿ ಸ್ಟಾಫ್ ರೂಮಿಗೆ ಬಂದು, "ಸಾರ್, ಅವಳು ಊಟದ ಡಬ್ಬಿ ತೆರೀತಾನೇ ಇಲ್ಲ" ಎಂದಳು.

ತಾಯಿಯನ್ನು ಕರೆಸಿದೆ. ಕೆ.ಆರ್. ಪುರಂ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದರು. ನನ್ನಿಂದ ತಪ್ಪಾಯಿತು ಎಂದು ಹೇಳಿದೆ. ಅವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಚೀಲದಿಂದ ರಕ್ತಪರೀಕ್ಷೆಯ ಚೀಟಿ ತೆಗೆದು ಮುಂದಿಟ್ಟು, "ಸಾರ್, ಇವಳಿಗೆ ರಕ್ತ ಕಮ್ಮಿ ಇದೆಯಂತೆ. ಇಷ್ಟು ದಪ್ಪಗಿರೋ ಹುಡುಗಿಗೆ ರಕ್ತ ಹೆಂಗೆ ಸಾರ್ ಕಮ್ಮಿಯಾಗುತ್ತೆ?" ಎಂದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. "ಮುಟ್ಟಿನಿಂದ ಇರಬಹುದು ಕಣಮ್ಮಾ, ಸೊಪ್ಪು ಕೊಡಿ" ಎಂದು ಕಳಿಸಿದೆ.

ಆಕೆಯ ಪ್ರಶ್ನೆಗೆ ಇನ್ನೂ ಒಂದು ಉತ್ತರವಿದೆ. ಅದೂ ಇದೇ ಬೂದಿ ಮುಚ್ಚಿದ ಕೆಂಡದ್ದು. ಪಿತ್ತಜನಕಾಂಗ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಮೈಯಲ್ಲಿ ಕಬ್ಬಿಣದ ಬಾಗಿಲು ಕಾಯುತ್ತದೆ. ಸೋಂಕು ಬಂದಾಗ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣ ಸಿಗಬಾರದೆಂದು ಅದು ಹೆಚ್ಚಾಗಿ, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ಬಾಗಿಲಿಗೆ ಚಿಲಕ ಹಾಕುತ್ತದೆ. ಬಂದ್ ದಿನ ರಸೆಲ್ ಮಾರ್ಕೆಟ್ಟಿನ ಬಾಗಿಲು ಹಾಕಿದಂತೆ. ಒಂದು ದಿನದ ಬಂದ್ ಆದರೆ ಸರಿ. ಆದರೆ ಹೊಟ್ಟೆಯ ಕೊಬ್ಬು ತಿಂಗಳುಗಟ್ಟಲೆ 'ಸೋಂಕು ಬಂದಿದೆ' ಎಂದು ಸುಳ್ಳು ಸುದ್ದಿ ಹಬ್ಬಿಸುತ್ತಿದ್ದರೆ ಬಾಗಿಲು ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ. ತಿಂದ ಸೊಪ್ಪಿನ ಕಬ್ಬಿಣವೂ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯ ಕಬ್ಬಿಣವೂ ಪೂರ್ತಿಯಾಗಿ ಒಳಗೆ ಹೋಗುವುದಿಲ್ಲ.

ಇದು ಬರಿಯ ಊಹೆಯಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಥಾಯ್ಲೆಂಡಿನ ಮಹಿಳೆಯರನ್ನೂ, ಮೊರಾಕೊ ಮತ್ತು ಭಾರತದ ಮಕ್ಕಳನ್ನೂ ನೋಡಿತು. ನಮ್ಮ ಕೋರಮಂಗಲದ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಅದರಲ್ಲಿದ್ದರು. ದಪ್ಪಗಿದ್ದ ಮಕ್ಕಳಲ್ಲಿ ಕಬ್ಬಿಣದ ಕೊರತೆ ಹೆಚ್ಚಿತ್ತು, ಕಬ್ಬಿಣ ಸೇರಿಸಿದ ಆಹಾರ ಕೊಟ್ಟಾಗಲೂ ಅವರಿಗೆ ಲಾಭ ಕಡಿಮೆಯಾಯಿತು. ಹಾಗೆಂದು ನೀಲಿ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯೂ ಬೇಕು, ಸೊಪ್ಪೂ ಬೇಕು, ಕೆಂಡ ಆರಿಸುವ ಕೆಲಸವೂ ಆಗಬೇಕು. 'ದಪ್ಪಗಿದ್ದಾಳೆ, ಇವಳಿಗೇಕೆ ಮಾತ್ರೆ' ಎಂಬ ಮಾತನ್ನು ಮಾತ್ರ ಇನ್ನು ಯಾರೂ ಆಡಬಾರದು.

ದಾರದ ಪಾಠ

ಇಷ್ಟು ಓದಿದ ಕೂಡಲೇ ಮಗನನ್ನು ಕರೆದುಕೊಂಡು ಸಿ.ಆರ್.ಪಿ. ಪರೀಕ್ಷೆಗೆ ಓಡಬೇಡಿ. ಒಂದು ನೆಗಡಿ, ಹುಳುಕು ಹಲ್ಲು, ಒಸಡಿನ ಬಾವು ಇದ್ದರೂ ಆ ಅಂಕಿ ಏರುತ್ತದೆ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಸಿ.ಆರ್.ಪಿ. ಎಂಬುದು ಹೊಗೆ, ಬೆಂಕಿಯಲ್ಲ. ಹೊಗೆ ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ. ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಲಿ.

ಮನೆಯಲ್ಲಿ ಮಾಡಲು ಅದಕ್ಕಿಂತ ಸುಲಭದ ಉಪಾಯವಿದೆ. ಕಾಸಿನ ಖರ್ಚಿಲ್ಲ. ಹಿಗ್ಗದ ಒಂದು ದಾರ ತೆಗೆದುಕೊಳ್ಳಿ. ಮಗುವಿನ ಅಂಗಾಲಿನಿಂದ ನೆತ್ತಿಯವರೆಗಿನ ಎತ್ತರಕ್ಕೆ ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಚಿ. ಆ ಅರ್ಧವನ್ನು ಸೊಂಟದ ಸುತ್ತ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬರಿಮೈಮೇಲೆ ಸುತ್ತಿ. ಉಸಿರು ಸಹಜವಾಗಿ ಬಿಟ್ಟ ಹೊತ್ತಿನಲ್ಲಿ, ಎಳೆಯದೆ ಅಳೆಯಬೇಕು. ಎರಡು ತುದಿ ಕೂಡಿದರೆ ಸಂತೋಷ. ಕೂಡದೆ ನಡುವೆ ಜಾಗ ಉಳಿದರೆ ಸೊಂಟ ಎತ್ತರದ ಅರ್ಧವನ್ನು ದಾಟಿದೆ ಎಂದರ್ಥ. ಮೊದಲು ಹೇಳಿದ ಇಬ್ಬರು ಹುಡುಗರಿಗೆ ದಾರದ ಅರ್ಧ 80 ಸೆಂ.ಮೀ. ಎಪ್ಪತ್ತರ ಸೊಂಟದವನಿಗೆ ಅದು ಸುತ್ತಿ ಮಿಗುತ್ತದೆ, ಎಂಬತ್ತಮೂರರವನಿಗೆ ಎರಡು ಬೆರಳಿನಷ್ಟು ಸಾಲದು.

ಇದು ಅಜ್ಜಿಯ ಮದ್ದಲ್ಲ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ 2022ರಲ್ಲಿ ಹೇಳಿತು, ಐದು ವರ್ಷ ದಾಟಿದ ಮಕ್ಕಳಿಗೂ ಅದು ಅನ್ವಯ. ಸೇಂಟ್ ಜಾನ್ಸ್‌ನ ಡಾ. ರೆಬೆಕಾ ಕುರಿಯನ್, ಡಾ. ಅನುರಾ ಕುರ್ಪಾಡ್ ಮೊದಲಾದವರು 3ರಿಂದ 16 ವರ್ಷದ ದಕ್ಷಿಣ ಭಾರತದ ನಗರದ ಮಕ್ಕಳಿಗೆಂದೇ ಸೊಂಟದ ಅಳತೆಯ, ಸೊಂಟ ಮತ್ತು ಎತ್ತರದ ಅನುಪಾತದ ಪಟ್ಟಿಗಳನ್ನು 2011ರಲ್ಲೇ ಕೊಟ್ಟಿದ್ದಾರೆ.

ಒಂದು ಎಚ್ಚರ ಇರಲಿ. ಅಳೆಯುವುದಾದರೆ ಮನೆಯೊಳಗೆ, ಬಾಗಿಲು ಹಾಕಿ, ಮನೆಯವರೆಲ್ಲರೂ ಅಳೆದುಕೊಳ್ಳಿ. ಮಗುವೊಂದನ್ನೇ ನಿಲ್ಲಿಸಿ ಅಳೆಯಬೇಡಿ, ನೆಂಟರ ಮುಂದೆ ಅಂಕಿ ಹೇಳಬೇಡಿ. ಹದಿಹರೆಯದಲ್ಲಿ ಹೆಣ್ಣುಮಕ್ಕಳ ಮೈ ತುಂಬಿಕೊಳ್ಳುವುದು ಪ್ರಕೃತಿ, ಅದು ಬೊಜ್ಜಲ್ಲ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು ಇನ್ನೂ ದೊಡ್ಡ ತಪ್ಪು. ದಾರ ಕೂಡದಿದ್ದರೆ ಅದು ಕಾಯಿಲೆಯ ತೀರ್ಪಲ್ಲ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ ಎಂಬ ಸೂಚನೆ ಮಾತ್ರ.

ಸಂತೋಷದ ಸಂಗತಿ ಏನೆಂದರೆ ಈ ವಯಸ್ಸಿನ ಕೆಂಡ ಬೇಗ ಆರುತ್ತದೆ. ಹೊಟ್ಟೆಯ ಕೊಬ್ಬು ಇಳಿದರೆ ಸಿ.ಆರ್.ಪಿ.ಯೂ ಇಳಿಯುತ್ತದೆ. ಎತ್ತರ ಇನ್ನೂ ಬೆಳೆಯುತ್ತಿರುವುದರಿಂದ ತೂಕ ಇಳಿಸಲೂ ಬೇಕಾಗಿಲ್ಲ, ಸೊಂಟ ನಿಂತಲ್ಲೇ ನಿಂತರೆ ದಾರ ತಾನಾಗಿ ಕೂಡುತ್ತದೆ. ದಿನಕ್ಕೆ 60 ನಿಮಿಷ ಮೈ ಬೆವರುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಮಕ್ಕಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಡಿಮೆ ನಿದ್ದೆಗೂ ಹೆಚ್ಚು ಟಿ.ವಿ.ಗೂ ಅಧಿಕ ತೂಕದ ಜೊತೆ ನಂಟಿದೆ ಎಂದು ತೋರಿಸಿತು. ಈಗ ಟಿ.ವಿ.ಯ ಜಾಗಕ್ಕೆ ಮೊಬೈಲು ಬಂದಿದೆ. 300 ಮಿಲಿಲೀಟರಿನ ಒಂದು ಬಾಟಲಿ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರು ಟೀ ಚಮಚೆ. ಕಾಫಿಗೆ ಯಾರೂ ಅಷ್ಟು ಹಾಕಿಕೊಳ್ಳುವುದಿಲ್ಲ.

ಹಲಸೂರಿನ ಗೌತಮಪುರದಲ್ಲಿ ಫುಟ್ಬಾಲಿನ ಪೆಲೆಯ ಪ್ರತಿಮೆಯಿದೆ. ಅಂಬೇಡ್ಕರ್ ಮತ್ತು ಬುದ್ಧರ ಸಾಲಿನಲ್ಲಿ ಆಟಗಾರನೊಬ್ಬನನ್ನು ನಿಲ್ಲಿಸಿದ ಬಡಾವಣೆ ಅದು. ಅಲ್ಲಿಯ ಇಕ್ಕಟ್ಟಾದ ಬೀದಿಗಳ ಮಕ್ಕಳು ಇಂದಿಗೂ ಚೆಂಡು ಒದೆಯುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಇಂದಿರಾನಗರದಲ್ಲಿ ಉದ್ಯಾನವಿದೆ, ಆದರೆ ಎಷ್ಟೋ ಉದ್ಯಾನಗಳ ಗೇಟಿನಲ್ಲಿ 'ಆಟವಾಡಬಾರದು' ಎಂಬ ಫಲಕವೂ ಇದೆ. ಆ ಫಲಕವನ್ನು ತೆಗೆಸುವುದೂ ಆರೋಗ್ಯದ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ನಮ್ಮ ಅಜ್ಜಿಯಂದಿರು ಮಗುವಿಗೆ ಉಡಿದಾರ ಕಟ್ಟುತ್ತಿದ್ದರು. ದಾರ ಸಡಿಲವಾದರೆ ಮಗು ಸೊರಗಿತೆಂದು ಆತಂಕ, ಬಿಗಿಯಾದರೆ ಮೈತುಂಬಿತೆಂದು ಸಂಭ್ರಮ. ಬರಗಾಲ ಕಂಡವರ ಅಳತೆ ಅದು, ಎಳೆಗೂಸಿಗೆ ಇಂದಿಗೂ ಸರಿಯೇ. ಹದಿನಾಲ್ಕರ ಹುಡುಗನಿಗೆ ಮಾತ್ರ ಅದನ್ನು ತಿರುವಿ ಓದಬೇಕಾದ ಕಾಲ ಬಂದಿದೆ.

ಪ್ಯಾಂಟು ತರಲು ಹೋದ ದಿನ ಸಾಹೇಬರಿಗೆ ಇದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು ಕೇಳಿದರು. "ಅದಕ್ಕೇ ಇರಬೇಕು ಮೇಷ್ಟ್ರೇ. ಮಕ್ಕಳ ಪ್ಯಾಂಟಿಗೆ ನಾನು ಎರಡು ಕಡೆ ಬಟ್ಟೆ ಮಡಚಿ ಬಿಟ್ಟಿರ್ತೀನಿ, ಕಾಲಿನ ಹತ್ತಿರ ಮೂರು ಇಂಚು, ಸೊಂಟದ ಹತ್ತಿರ ಎರಡು ಇಂಚು. ಮೊದಲು ಬೇಗ ಬಿಚ್ಚಿಸ್ತಾ ಇದ್ದದ್ದು ಕಾಲಿಂದು. ಈಗ ಸೊಂಟದ್ದು."

ಗೋಣಿದಾರದ ತುಂಡೊಂದು ಅಲ್ಲೇ ಬಿದ್ದಿತ್ತು. ನನ್ನ ಎತ್ತರಕ್ಕೆ ಕತ್ತರಿಸಿ, ಮಡಚಿ ಸುತ್ತಿದರು. ನಾಲ್ಕು ಬೆರಳು ಸಾಲಲಿಲ್ಲ. ಪ್ಯಾಂಟುಗಳನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಡುತ್ತಾ ಸಾಹೇಬರು, "ಇವೆರಡರಲ್ಲೂ ಇನ್ನು ಬಿಡಿಸೋಕೆ ಬಟ್ಟೆ ಉಳಿದಿಲ್ಲ ಮೇಷ್ಟ್ರೇ" ಎಂದರು. ಹಲಸೂರಿನವರೆಗೆ ನಡೆದೇ ಬಂದೆ.